ಕತ್ತರಿಸುವ ಕಿಣ್ವಗಳೂ ಕ್ಯಾನ್ಸರ್ ಸಂಶೋಧನೆಯೂ

ನಮ್ಮ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಹಳ್ಳಿಗಳಲ್ಲಿ ಹುರುಳಿಯನ್ನು ಅರಿಯದವರು ಯಾರೂ ಇಲ್ಲ. ಕನ್ನಡಿಗರು ಹುರುಳಿ ಎಂದೂ, ತಮಿಳರು ಕೊಳ್ಳು ಎಂದೂ, ತೆಲುಗರು ಉಲವಲು ಎಂದೂ ಕರೆಯುವ ಈ ಕಾಳು, ರಾಗಿ ಮುದ್ದೆಯ ಜೊತೆಗೆ ಸಾರಾಗಿ ಮನುಷ್ಯನಿಗೂ, ಬೇಯಿಸಿದ ಮೇವಾಗಿ ಎತ್ತಿಗೂ ತಲೆತಲಾಂತರದಿಂದ ಒದಗಿ ಬಂದಿರುವುದು. ಇಂತಹ ಬಡವರ ಕಾಳಿಗೂ, ಪ್ರಪಂಚದ ದೊಡ್ಡ ಪ್ರಯೋಗಶಾಲೆಗಳಲ್ಲಿ ನಡೆದ ಕ್ಯಾನ್ಸರ್ ಸಂಶೋಧನೆಗೂ ನಂಟು ಉಂಟೆಂಬುದು ನನಗೆ ತಿಳಿದುದು ಐದನೆಯ ತರಗತಿಯ ಒಬ್ಬ ಹುಡುಗನ ಪ್ರಶ್ನೆಯಿಂದ.

ಆ ಹುಡುಗನ ಅಜ್ಜಿಗೆ ಬಾಯೊಳಗೆ, ಕೆನ್ನೆಯ ಒಳಬದಿಯಲ್ಲಿ, ಒಂದು ಬಿಳಿಯ ಮಚ್ಚೆ ಎದ್ದಿತ್ತು. ಆಕೆಗೆ ಚಿಕ್ಕಂದಿನಿಂದಲೂ ಹೊಗೆಸೊಪ್ಪು ಹಾಕುವ ಅಭ್ಯಾಸ. ಮಚ್ಚೆಯ ನಡುವೆ ಹುಣ್ಣಾಗಿ, ಹುಣ್ಣು ಮಾಯದೆ ನಿಂತಿತು. ಅಷ್ಟರಲ್ಲಿ ಮನೆಯವರ ಮೊಬೈಲಿಗೆ ಯಾರೋ ಒಂದು ಸುದ್ದಿಯನ್ನು ಕಳುಹಿಸಿದ್ದರು: ಹುರುಳಿಯಲ್ಲಿ ಕ್ಯಾನ್ಸರನ್ನು ಅಡಗಿಸುವ ವಸ್ತುವಿದೆ, ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ, ದಿನವೂ ಹಸಿ ಹುರುಳಿಯನ್ನು ಅರೆದು ಕುಡಿದರೆ ಆಸ್ಪತ್ರೆಯೇ ಬೇಡ ಎಂದು. ಹುಡುಗ ತರಗತಿಯಲ್ಲಿ ಎದ್ದು ನಿಂತು, “ಮೇಷ್ಟ್ರೇ, ಇದು ನಿಜವೇ?” ಎಂದು ಕೇಳಿದನು. ನಾನು ಉತ್ತರಿಸಲಾರದೆ ಹೋದೆನು. “ತಿಳಿದು ಹೇಳುತ್ತೇನೆ” ಎಂದೆನು. ಹಾಗೆ ತಿಳಿಯಲು ಹೊರಟಾಗ ಎದುರಾದ ಚರಿತ್ರೆಯನ್ನೇ ನಮ್ಮ ಉಪಾಧ್ಯಾಯ ಬಂಧುಗಳ ಮತ್ತು ವಿದ್ಯಾರ್ಥಿಗಳ ಮುಂದೆ ಇಡುತ್ತಿರುವೆನು.

ಮೊದಲು ಶಬ್ದದ ವಿಚಾರ. ನಮ್ಮ ಹಿಂದಿನ ಪಠ್ಯಪುಸ್ತಕಗಳು ಸಸಾರಜನಕ ಎಂದು ಕರೆದ ವಸ್ತುವೇ ಇಂದಿನ ಪ್ರೋಟೀನು. ಇದು ಅಮೈನೋ ಆಮ್ಲಗಳೆಂಬ ಸಣ್ಣ ಮಣಿಗಳನ್ನು ಪೋಣಿಸಿದ ಸರದಂತೆ ಇರುವುದು. ಈ ಸರವನ್ನು ಕತ್ತರಿಸುವ ಕೆಲಸಕ್ಕಾಗಿ ಜೀವಿಗಳ ಶರೀರದಲ್ಲಿ ಹಲವು ಕಿಣ್ವಗಳಿವೆ. ಅವುಗಳಿಗೆ ಪ್ರೋಟಿಯೇಸ್ ಎಂದು ಹೆಸರು. ಮಾಂಸ ಬೇಗನೆ ಬೇಯಲೆಂದು ಪರಂಗಿಕಾಯಿಯ ಚೂರನ್ನು ಸಾರಿಗೆ ಹಾಕುವುದನ್ನು ಮಕ್ಕಳು ಮನೆಯಲ್ಲಿ ನೋಡಿರುತ್ತಾರೆ. ಆ ಕಾಯಿಯ ಹಾಲಿನಲ್ಲಿರುವ ಪೆಪೇನ್ ಎಂಬುದು ಒಂದು ಪ್ರೋಟಿಯೇಸ್. ಅನಾನಸು ಹೆಚ್ಚು ತಿಂದಾಗ ನಾಲಗೆ ಉರಿಯುವುದಕ್ಕೂ ಇಂತಹ ಕಿಣ್ವವೇ ಒಂದು ಕಾರಣ.

ಇವುಗಳ ಪರಿಚಯ ಮನುಷ್ಯನಿಗೆ ಹೊಟ್ಟೆಯ ಮೂಲಕವೇ ಆಯಿತೆನ್ನಬಹುದು. 1836 ರಲ್ಲಿ ಜರ್ಮನಿಯ ಥಿಯೊಡೋರ್ ಶ್ವಾನ್ ಎಂಬವರು ಜಠರರಸದಲ್ಲಿ ಆಹಾರವನ್ನು ಕರಗಿಸುವ ವಸ್ತುವೊಂದನ್ನು ಗುರುತಿಸಿ ಅದಕ್ಕೆ ಪೆಪ್ಸಿನ್ ಎಂದು ಹೆಸರಿಟ್ಟರು. 1876 ರಲ್ಲಿ ವಿಲ್ಹೆಲ್ಮ್ ಕ್ಯೂನೆ ಎಂಬವರು ಮೇದೋಜೀರಕ ಗ್ರಂಥಿಯ ರಸದಲ್ಲಿ ಕೆಲಸಮಾಡುವ ಕಿಣ್ವಕ್ಕೆ ಟ್ರಿಪ್ಸಿನ್ ಎಂದು ನಾಮಕರಣ ಮಾಡಿದರು. ಆದರೆ ಈ ಕಿಣ್ವಗಳು ಎಂತಹ ವಸ್ತುಗಳೆಂಬುದು ಇನ್ನೂ ಬಹುಕಾಲ ತಿಳಿಯದೆಯೇ ಇದ್ದಿತು. 1930 ರಲ್ಲಿ ಅಮೆರಿಕದ ಜಾನ್ ನಾರ್ತ್ರಾಪ್ ಪೆಪ್ಸಿನ್ನನ್ನು ಶುದ್ಧವಾದ ಹರಳುಗಳ ರೂಪದಲ್ಲಿ ಪಡೆದು, ಅದು ಸ್ವತಃ ಒಂದು ಪ್ರೋಟೀನೆಂದು ತೋರಿಸಿದರು. ಪ್ರೋಟೀನನ್ನು ಕತ್ತರಿಸುವ ಆಯುಧವೂ ಪ್ರೋಟೀನೇ ಎಂಬುದು ಹೀಗೆ ಸ್ಥಿರಪಟ್ಟಿತು. ನಾರ್ತ್ರಾಪರಿಗೆ 1946 ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಇಲ್ಲೊಂದು ಪ್ರಶ್ನೆ ಏಳುವುದು. ನಮ್ಮ ಶರೀರವೂ ಪ್ರೋಟೀನಿನಿಂದಲೇ ಆದುದಲ್ಲವೆ? ಈ ಕಿಣ್ವಗಳು ಶರೀರವನ್ನೇ ಏಕೆ ಕತ್ತರಿಸಿಬಿಡುವುದಿಲ್ಲ? ಉತ್ತರವೇನೆಂದರೆ, ಪ್ರಕೃತಿಯು ಕತ್ತರಿಯನ್ನು ಒರೆಯಲ್ಲಿಟ್ಟೇ ಕೊಟ್ಟಿರುವುದು. ಹೆಚ್ಚಿನ ಪ್ರೋಟಿಯೇಸುಗಳು ಮೊದಲು ಕೆಲಸಮಾಡದ ರೂಪದಲ್ಲಿ ತಯಾರಾಗುತ್ತವೆ, ಬೇಕಾದ ಸ್ಥಳದಲ್ಲಿ, ಬೇಕಾದ ಕಾಲದಲ್ಲಿ ಮಾತ್ರ ಎಚ್ಚರಗೊಳ್ಳುತ್ತವೆ. ಅಲ್ಲದೆ ಅವುಗಳ ಬಾಯಿಗೆ ಸರಿಯಾಗಿ ಕೂತು ಕೆಲಸವನ್ನು ತಡೆಯುವ ಬೇರೆ ಪ್ರೋಟೀನುಗಳೂ ಇರುವುವು. ಇವುಗಳನ್ನು ನಾವು ಪ್ರತಿಬಂಧಕಗಳೆಂದು ಕರೆಯೋಣ. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದೂ, ಗಾಯ ಮಾದ ಮೇಲೆ ಆ ಹೆಪ್ಪು ಕರಗುವುದೂ ಪ್ರೋಟಿಯೇಸುಗಳ ಮತ್ತು ಪ್ರತಿಬಂಧಕಗಳ ಲೆಕ್ಕಾಚಾರದಿಂದಲೇ. ಈ ಲೆಕ್ಕ ತಪ್ಪಿದರೆ ರೋಗ.

ಇನ್ನು ಕ್ಯಾನ್ಸರಿನ ಕಡೆಗೆ ಬರೋಣ. ನಮ್ಮ ಹಿರಿಯರು ಅರ್ಬುದವೆಂದು ಕರೆದ ಈ ರೋಗದಲ್ಲಿ ಜೀವಕೋಶಗಳು ಶರೀರದ ಅಂಕೆಯನ್ನು ಮೀರಿ ಬೆಳೆಯುತ್ತವೆ. ಆದರೆ ಬಹುಪಾಲು ರೋಗಿಗಳನ್ನು ಕೊಲ್ಲುವುದು ಮೊದಲು ಹುಟ್ಟಿದ ಗಂಟಲ್ಲ. ಆ ಗಂಟಿನಿಂದ ಹೊರಟ ಕೋಶಗಳು ದೂರದ ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ, ಮೂಳೆಯಲ್ಲಿ ಬೇರೂರುವುದೇ ಮರಣಕ್ಕೆ ಕಾರಣ. 1889 ರಲ್ಲಿ ಲಂಡನ್ನಿನ ವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನದ ಕ್ಯಾನ್ಸರಿನಿಂದ ಮೃತರಾದ 735 ಸ್ತ್ರೀಯರ ದಾಖಲೆಗಳನ್ನು ಪರಿಶೀಲಿಸಿ, ರೋಗವು ಎಲ್ಲ ಅಂಗಗಳಿಗೂ ಸಮನಾಗಿ ಹರಡುವುದಿಲ್ಲವೆಂದು ಕಂಡರು. ಬೀಜವು ಎಲ್ಲೆಲ್ಲಿಯೂ ಬೀಳಬಹುದು, ಆದರೆ ಒಪ್ಪುವ ಮಣ್ಣಿನಲ್ಲಿ ಮಾತ್ರ ಮೊಳೆಯುವುದು ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಬೇಸಾಯಗಾರರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ಬೀಜವು ಮಣ್ಣನ್ನು ಸೇರುವ ಮೊದಲು ಬೇಲಿಯನ್ನು ದಾಟಬೇಕಷ್ಟೆ. ನಮ್ಮ ಅಂಗಾಂಗಗಳ ನಡುವೆ ಕೊಲಾಜೆನ್ ಮೊದಲಾದ ಪ್ರೋಟೀನುಗಳಿಂದ ನೇಯ್ದ ಪೊರೆಗಳಿವೆ. ಕ್ಯಾನ್ಸರ್ ಕೋಶವು ಈ ಬೇಲಿಯನ್ನು ಹೇಗೆ ದಾಟುವುದು? ಇದಕ್ಕೆ ಒಂದು ಸುಳಿವು 1925 ರಲ್ಲಿ ಡೆನ್ಮಾರ್ಕಿನ ಆಲ್ಬರ್ಟ್ ಫಿಷರ್ ಎಂಬವರ ಪ್ರಯೋಗದಲ್ಲಿ ಸಿಕ್ಕಿತು. ಅವರು ಕೋಳಿಯ ಅರ್ಬುದದ ಕೋಶಗಳನ್ನು ಹೆಪ್ಪುಗಟ್ಟಿದ ರಕ್ತರಸದ ಮೇಲೆ ಬೆಳೆಸಿದಾಗ ಆ ಹೆಪ್ಪು ಕರಗಿ ನೀರಾಯಿತು. ಆರೋಗ್ಯವಂತ ಕೋಶಗಳನ್ನು ಬೆಳೆಸಿದಾಗ ಹಾಗಾಗಲಿಲ್ಲ. ಕ್ಯಾನ್ಸರ್ ಕೋಶವು ಏನನ್ನೋ ಹೊರಚೆಲ್ಲಿ ದಾರಿ ಬಿಡಿಸಿಕೊಳ್ಳುವುದೆಂಬ ಸಂದೇಹ ಅಂದು ಹುಟ್ಟಿತು. ಅದು ಏನೆಂಬುದು ಗೊತ್ತಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ನಡುವೆ ಒಂದು ಕಪ್ಪೆಮರಿಯ ಕಥೆಯುಂಟು. ಗೊದಮೊಟ್ಟೆಯು ಕಪ್ಪೆಯಾಗುವಾಗ ಅದರ ಬಾಲ ಎಲ್ಲಿಗೆ ಹೋಗುವುದು? ಕಳಚಿ ಬೀಳುವುದೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ವಾಸ್ತವವಾಗಿ ಅದು ಕರಗಿ ಶರೀರದಲ್ಲಿಯೇ ಲೀನವಾಗುವುದು. ಅಮೆರಿಕದಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಎಂಬ ಇಬ್ಬರು ಈ ಬಾಲವನ್ನು ಪರೀಕ್ಷಿಸಿ, ಬಹು ಗಟ್ಟಿಯಾದ ಕೊಲಾಜೆನ್ನನ್ನು ಕತ್ತರಿಸುವ ಕಿಣ್ವವೊಂದನ್ನು 1962 ರಲ್ಲಿ ಪ್ರಕಟಪಡಿಸಿದರು. ಇದೇ ಮುಂದೆ ಲೋಹದ ಅಣುವನ್ನು ಹಿಡಿದು ಕೆಲಸಮಾಡುವ ಒಂದು ದೊಡ್ಡ ಪ್ರೋಟಿಯೇಸ್ ಕುಟುಂಬದ ಮೊದಲ ಸದಸ್ಯನಾಯಿತು. ಆ ಕುಟುಂಬದಲ್ಲಿ ಮನುಷ್ಯನಿಗೆ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿರುವುವು. ಕೆರೆಯಂಚಿನ ಗೊದಮೊಟ್ಟೆಯನ್ನು ನೋಡಿದ ಕುತೂಹಲವು ಮುಂದೆ ಕ್ಯಾನ್ಸರ್ ವೈದ್ಯದವರೆಗೆ ಹೋದುದನ್ನು ನಮ್ಮ ಮಕ್ಕಳಿಗೆ ತಪ್ಪದೆ ಹೇಳಬೇಕು.

1973 ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ರೈಖ್ ಮತ್ತು ಅವರ ಸಹೋದ್ಯೋಗಿಗಳು ಫಿಷರ್ ಬಿಟ್ಟುಹೋದ ಎಳೆಯನ್ನು ಮತ್ತೆ ಹಿಡಿದರು. ಕೋಳಿಗೆ ಅರ್ಬುದವನ್ನು ತರುವ ವೈರಸ್ಸನ್ನು ಪೇಟನ್ ರೌಸ್ 1911 ರಲ್ಲಿಯೇ ಕಂಡುಹಿಡಿದಿದ್ದರು. ಅದಕ್ಕೆ ನೊಬೆಲ್ ಗೌರವ ದೊರೆತುದು 1966 ರಲ್ಲಿ. ಈ ವೈರಸ್ಸು ತಗಲಿದ ಕೋಶಗಳು ರಕ್ತದಲ್ಲಿ ನಿದ್ರಿಸುವ ಒಂದು ಕಿಣ್ವವನ್ನು ಎಚ್ಚರಿಸಿ, ಅದರ ಮೂಲಕ ಹೆಪ್ಪನ್ನು ಕರಗಿಸುತ್ತವೆಂದು ರೈಖರ ತಂಡ ತೋರಿಸಿತು. 1980 ರಲ್ಲಿ ಲ್ಯಾನ್ಸ್ ಲಿಯೊಟ್ಟಾ ಮತ್ತು ಸಂಗಡಿಗರು, ಹೆಚ್ಚು ಹರಡುವ ಅರ್ಬುದ ಕೋಶಗಳು ಅಂಗಗಳ ತಳಪೊರೆಯ ಕೊಲಾಜೆನ್ನನ್ನು ಹೆಚ್ಚು ಕತ್ತರಿಸುತ್ತವೆಂದು ಪ್ರಕಟಿಸಿದರು. ಬೇಲಿಯನ್ನು ದಾಟುವ ಉಪಾಯ ಹೀಗೆ ಬೆಳಕಿಗೆ ಬಂದಿತು.

ಇದೇ ಕಾಲದಲ್ಲಿ ಬಾನಿ ಸ್ಲೋನ್ ಎಂಬ ಮಹಿಳೆ ಈ ಕ್ಷೇತ್ರವನ್ನು ಪ್ರವೇಶಿಸಿದರು. ಇವರ ವೃತ್ತಿಜೀವನವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಯೋಗ್ಯ. ಜೀವಕೋಶದೊಳಗೆ ಕಸವನ್ನು ಕರಗಿಸುವ ಸಣ್ಣ ಚೀಲಗಳಿರುವುವು. ಲೈಸೊಸೋಮ್ ಎಂಬ ಈ ಚೀಲಗಳನ್ನು 1955 ರಲ್ಲಿ ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡ್ಯೂವ್ ಜಗತ್ತಿಗೆ ತಿಳಿಯಪಡಿಸಿದ್ದರು. ಅವುಗಳೊಳಗಿನ ಒಂದು ಪ್ರೋಟಿಯೇಸಿಗೆ ಕೆಥೆಪ್ಸಿನ್ ಬಿ ಎಂದು ಹೆಸರು. ಇಲಿಗಳ ಚರ್ಮದ ಅರ್ಬುದವೊಂದರಲ್ಲಿ, ಕೋಶಗಳು ಹರಡುವ ಶಕ್ತಿ ಹೆಚ್ಚಿದಂತೆಲ್ಲ ಈ ಕಿಣ್ವದ ಕೆಲಸವೂ ಹೆಚ್ಚಿರುವುದನ್ನು ಸ್ಲೋನ್ ಮತ್ತು ಸಂಗಡಿಗರು 1981 ರಲ್ಲಿ ಪ್ರಕಟಿಸಿದರು. ಚೀಲದೊಳಗೆ ಇರಬೇಕಾದ ಕಿಣ್ವ ಕ್ಯಾನ್ಸರ್ ಕೋಶದಲ್ಲಿ ಅಂಚಿಗೆ ಸರಿದು ಹೊರಗೂ ಬರುವುದೆಂಬುದು ಮುಂದಿನ ವರ್ಷಗಳ ಕೆಲಸದಿಂದ ತಿಳಿಯಿತು.

ಸ್ಲೋನರು ಅಮೆರಿಕದ ಡೆಟ್ರಾಯಿಟ್ ನಗರದ ವೇಯ್ನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ದಶಕಗಳ ಕಾಲ ಈ ಒಂದೇ ಕಿಣ್ವದ ಬೆನ್ನು ಹತ್ತಿದರು. 2000 ದ ಸುಮಾರಿಗೆ ಅವರ ಪ್ರಯೋಗಶಾಲೆ ಒಂದು ಚೆಲುವಾದ ಉಪಾಯವನ್ನು ಬಳಸಿತು. ಇಡಿಯಾಗಿರುವಾಗ ಬೆಳಗದೆ, ಕತ್ತರಿಸಿದೊಡನೆ ಹಸಿರಾಗಿ ಬೆಳಗುವಂತೆ ಬಣ್ಣಕಟ್ಟಿದ ಪ್ರೋಟೀನಿನ ಹಾಸಿನ ಮೇಲೆ ಜೀವಂತ ಸ್ತನಕ್ಯಾನ್ಸರ್ ಕೋಶಗಳನ್ನು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೋಶವು ಎಲ್ಲಿ ಕತ್ತರಿಸಿತೋ ಅಲ್ಲಿ ಬೆಳಕು ಕಂಡಿತು. ಕೋಶದ ಹೊರಗೆ ಮಾತ್ರವಲ್ಲ, ಒಳಗೂ ಬೆಳಕು ಕಂಡಿತು. ಗಂಟಿನ ಸುತ್ತಲಿನ ಆರೋಗ್ಯವಂತ ಕೋಶಗಳೂ ಈ ಕೆಲಸದಲ್ಲಿ ಕೈಜೋಡಿಸುತ್ತವೆಂಬುದೂ ಕಾಲಕ್ರಮದಲ್ಲಿ ಗೊತ್ತಾಯಿತು. ಒಂದು ಕಳ್ಳ, ಒಂದು ಕತ್ತರಿ ಎಂಬಷ್ಟು ಸರಳವಾದ ಸಂಗತಿ ಇದಲ್ಲವೆಂದು ವಿಜ್ಞಾನಿಗಳು ಮೆಲ್ಲಮೆಲ್ಲನೆ ಅರಿತರು.

ಆದರೆ ಈ ಅರಿವು ಪೂರ್ಣವಾಗುವ ಮೊದಲೇ ಔಷಧದ ಆತುರ ಮುಂದೆ ಓಡಿತ್ತು. ಕತ್ತರಿ ದಾರಿ ಮಾಡಿಕೊಡುವುದಾದರೆ ಕತ್ತರಿಯ ಬಾಯಿಯನ್ನು ಕಟ್ಟಿದರಾಯಿತು ಎಂಬುದು 1990 ರ ದಶಕದ ದೊಡ್ಡ ಆಸೆ. ಕೊಲಾಜೆನ್ನನ್ನು ಕತ್ತರಿಸುವ ಕುಟುಂಬದ ಕಿಣ್ವಗಳೆಲ್ಲವನ್ನೂ ತಡೆಯುವ ಮಾರಿಮಾಸ್ಟಾಟ್ ಮುಂತಾದ ಔಷಧಗಳನ್ನು ಸಿದ್ಧಪಡಿಸಿದರು. ಇಲಿಗಳಲ್ಲಿ ಅವು ಒಳ್ಳೆಯ ಫಲವನ್ನು ಕೊಟ್ಟವು. ಮನುಷ್ಯರಲ್ಲಿ ಕೊಡಲಿಲ್ಲ. ಮಾರಿಮಾಸ್ಟಾಟ್ ತೆಗೆದುಕೊಂಡ ಅನೇಕರಿಗೆ ಕೀಲುಗಳೂ ಸ್ನಾಯುಗಳೂ ನೋಯತೊಡಗಿದವು. ಟಾನೋಮಾಸ್ಟಾಟ್ ಎಂಬ ಇನ್ನೊಂದು ಔಷಧದ ಪರೀಕ್ಷೆಯನ್ನು 1999 ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಏತಕ್ಕೆಂದರೆ ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿನಲ್ಲಿ, ಔಷಧ ಪಡೆದವರ ಸ್ಥಿತಿ ಔಷಧವಿಲ್ಲದ ಗುಳಿಗೆಯನ್ನು ಪಡೆದವರಿಗಿಂತ ಕೆಟ್ಟದಾಗಿತ್ತು.

ಇಲ್ಲಿ ಮೆಚ್ಚಬೇಕಾದುದು ಏನೆಂದರೆ, ಈ ಸೋಲನ್ನು ವಿಜ್ಞಾನಿಗಳು ಮುಚ್ಚಿಡಲಿಲ್ಲ. 2002 ರಲ್ಲಿ ಲಿಸಾ ಕುಸೆನ್ಸ್, ಬಾರ್ಬರಾ ಫಿಂಗಲ್ಟನ್, ಲಿನ್ ಮಾಟ್ರಿಸಿಯನ್ ಎಂಬ ಮೂವರು ಮಹಿಳೆಯರು ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಎಲ್ಲಿ ತಪ್ಪಿತೆಂಬುದನ್ನು ಚರ್ಚಿಸಿದರು. ಇಲಿಗಳಿಗೆ ರೋಗದ ಆರಂಭದಲ್ಲಿ ಔಷಧ ಕೊಡಲಾಗಿತ್ತು, ಮನುಷ್ಯರಿಗೆ ರೋಗ ಬಲಿತ ಮೇಲೆ ಕೊಡಲಾಗಿತ್ತು. ಯಾವ ಕಿಣ್ವ ಯಾವ ಹಂತದಲ್ಲಿ ಏನು ಮಾಡುವುದೆಂಬುದನ್ನು ಅರಿಯದೆ ಎಲ್ಲವನ್ನೂ ಒಟ್ಟಿಗೆ ಕಟ್ಟಿಹಾಕಲಾಗಿತ್ತು. ಮರುವರ್ಷವೇ ಸ್ಪೇನ್ ದೇಶದ ಸಂಶೋಧಕರು ಆ ಕುಟುಂಬದ ಒಂದು ಕಿಣ್ವವಿಲ್ಲದ ಗಂಡು ಇಲಿಗಳಿಗೆ ಚರ್ಮದ ಅರ್ಬುದ ಹೆಚ್ಚಾಗಿ ಬರುವುದನ್ನು ತೋರಿಸಿದರು. ಎಂದರೆ ಆ ಕತ್ತರಿ ಶತ್ರುವಲ್ಲ, ಕಾವಲುಗಾರ! ಕಾವಲುಗಾರನನ್ನೂ ಕಳ್ಳನನ್ನೂ ಒಂದೇ ಹಗ್ಗದಿಂದ ಕಟ್ಟಿದುದರ ಫಲವನ್ನು ರೋಗಿಗಳು ಅನುಭವಿಸಿದ್ದರು.

ಹಾಗೆಂದು ಈ ಶ್ರಮವೆಲ್ಲ ವ್ಯರ್ಥವಾಯಿತೆಂದು ಭಾವಿಸಬಾರದು. ಕೋಶದೊಳಗೆ ಹಳೆಯ ಪ್ರೋಟೀನುಗಳನ್ನು ಚೂರುಮಾಡುವ ಪ್ರೋಟಿಯಸೋಮ್ ಎಂಬ ಯಂತ್ರವುಂಟು. ಅದನ್ನು ತಡೆಯುವ ಬೋರ್ಟೆಜೊಮಿಬ್ ಎಂಬ ಔಷಧವು 2003 ರಲ್ಲಿ ಅಮೆರಿಕದಲ್ಲಿ ಮಂಜೂರಾಗಿ, ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಮೈಲೋಮಾ ಎಂಬ ಕ್ಯಾನ್ಸರಿಗೆ ನಿಜವಾದ ನೆರವಾಯಿತು. ಯಾವ ಪ್ರೋಟೀನನ್ನು ಚೂರುಮಾಡಬೇಕೆಂದು ಕೋಶವು ಗುರುತುಹಾಕುವ ಬಗೆಯನ್ನು ಕಂಡುಹಿಡಿದ ಇಸ್ರೇಲಿನ ಆವ್ರಾಮ್ ಹೆರ್ಷ್ಕೊ, ಆರನ್ ಚೀಖನೋವರ್, ಅಮೆರಿಕದ ಅರ್ವಿನ್ ರೋಸ್ ಇವರಿಗೆ 2004 ರಲ್ಲಿ ನೊಬೆಲ್ ಬಂದಿತು. ಪ್ರಾಸ್ಟೇಟ್ ಗ್ರಂಥಿಯ ರೋಗವನ್ನು ಅರಿಯಲು ಇಂದು ಮಾಡುವ ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಅಳೆಯುವುದೂ ಒಂದು ಪ್ರೋಟಿಯೇಸನ್ನೇ.

ಈಗ ನಮ್ಮ ಹೊಲಕ್ಕೆ ಮರಳೋಣ. ಪ್ರೋಟಿಯೇಸನ್ನು ತಡೆಯುವ ಪ್ರತಿಬಂಧಕಗಳು ಪ್ರಾಣಿಗಳಲ್ಲಿ ಮಾತ್ರವಲ್ಲ, ಬೀಜಗಳಲ್ಲಿಯೂ ತುಂಬಿರುವುವು. ಬೀಜವನ್ನು ತಿನ್ನುವ ಹುಳುವಿನ ಜೀರ್ಣಶಕ್ತಿಯನ್ನು ಕುಂದಿಸುವುದು ಅವುಗಳ ಒಂದು ಕೆಲಸ. ಸೋಯಾ ಕಾಳನ್ನು ಬೇಯಿಸಿ ಕೊಟ್ಟರೆ ಮಾತ್ರ ಇಲಿಗಳು ಚೆನ್ನಾಗಿ ಬೆಳೆಯುತ್ತವೆಂದು 1917 ರಲ್ಲಿಯೇ ಅಮೆರಿಕದ ಆಸ್ಬರ್ನ್ ಮತ್ತು ಮೆಂಡೆಲ್ ಕಂಡಿದ್ದರು. 1945 ರಲ್ಲಿ ನಾರ್ತ್ರಾಪರ ಸಹೋದ್ಯೋಗಿ ಮೋಸೆಸ್ ಕುನಿಟ್ಸ್ ಸೋಯಾದಿಂದ ಟ್ರಿಪ್ಸಿನ್ ಪ್ರತಿಬಂಧಕವನ್ನು ಹರಳಾಗಿ ಪಡೆದರು. 1946 ರಲ್ಲಿ ಬೌಮನ್ ಎಂಬವರು ಇನ್ನೊಂದು ಚಿಕ್ಕ ಪ್ರತಿಬಂಧಕವನ್ನು ಗುರುತಿಸಿದರು. 1960 ರ ದಶಕದಲ್ಲಿ ಇಸ್ರೇಲಿನ ಯೆಹುದಿತ್ ಬಿರ್ಕ್ ಅದನ್ನು ಶುದ್ಧಗೊಳಿಸಿ ಗುಣಗಳನ್ನು ವಿವರಿಸಿದರು. ಅದಕ್ಕೆ ಬೌಮನ್-ಬಿರ್ಕ್ ಪ್ರತಿಬಂಧಕವೆಂದೇ ಹೆಸರಾಯಿತು. ಎತ್ತಿಗೆ ಹುರುಳಿಯನ್ನು ಹಸಿಯಾಗಿ ಹಾಕದೆ ಬೇಯಿಸಿ ಹಾಕುವ ನಮ್ಮ ರೈತನಿಗೆ ಈ ಹೆಸರುಗಳು ತಿಳಿದಿರಲಿಲ್ಲ. ಮಾಡುವ ಕ್ರಮ ಮಾತ್ರ ತಿಳಿದಿತ್ತು.

ಕನ್ನಡ ನಾಡಿನ ಪ್ರಯೋಗಶಾಲೆಗಳು ಈ ಚರಿತ್ರೆಯಲ್ಲಿ ಹೆಸರು ಪಡೆದುದು ನಮ್ಮ ಬೆಳೆಗಳಿಂದಲೇ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಬಿ. ಶಿವರಾಜ್ ಮತ್ತು ಟಿ. ಎನ್. ಪಟ್ಟಾಭಿರಾಮನ್ ಇವರು ರಾಗಿಯಿಂದ ಒಂದು ವಿಚಿತ್ರವಾದ ಪ್ರತಿಬಂಧಕವನ್ನು ಬೇರ್ಪಡಿಸಿ, ಅದರ ಗುಣಗಳನ್ನು 1981 ರಲ್ಲಿ ಇಂಗ್ಲೆಂಡಿನ ಜೀವರಸಾಯನ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್ನನ್ನೂ, ಪಿಷ್ಟವನ್ನು ಕತ್ತರಿಸುವ ಅಮೈಲೇಸನ್ನೂ ಏಕಕಾಲದಲ್ಲಿ ಹಿಡಿಯಬಲ್ಲದು. 122 ಅಮೈನೋ ಆಮ್ಲಗಳ ಈ ಸಣ್ಣ ಪ್ರೋಟೀನಿನ ಆಕಾರವನ್ನು 1995 ರಲ್ಲಿ ಜರ್ಮನಿಯ ವಿಜ್ಞಾನಿಗಳು ನಿರ್ಧರಿಸಿದರು. ಮುದ್ದೆಯ ರಾಗಿ ಹೀಗೆ ಪ್ರಪಂಚದ ಜೀವರಸಾಯನ ಗ್ರಂಥಗಳಲ್ಲಿ ಸ್ಥಾನ ಪಡೆಯಿತು.

ಹುರುಳಿಯ ಕೆಲಸ ನಡೆದುದು ಮೈಸೂರಿನಲ್ಲಿ. ಅಲ್ಲಿಯ ಚೆಲುವಾಂಬ ವಿಲಾಸದಲ್ಲಿ 1950 ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಡಿ. ಆರ್. ರಾವ್, ಲಲಿತಾ ಆರ್. ಗೌಡ, ವೈ. ಎನ್. ಶ್ರೀರಾಮ ಮೊದಲಾದವರು 1990 ರ ದಶಕದಿಂದ ಹುರುಳಿಯ ಬೌಮನ್-ಬಿರ್ಕ್ ಪ್ರತಿಬಂಧಕಗಳನ್ನು ಶೋಧಿಸಿದರು. ಈ ಪ್ರೋಟೀನಿಗೆ ಎರಡು ತಲೆಗಳು. ಒಂದು ತಲೆ ಟ್ರಿಪ್ಸಿನ್ನನ್ನು ಹಿಡಿದರೆ ಇನ್ನೊಂದು ಕೈಮೊಟ್ರಿಪ್ಸಿನ್ ಎಂಬ ಕಿಣ್ವವನ್ನು ಹಿಡಿಯುವುದು. ಗಂಧಕದ ಏಳು ಸೇತುವೆಗಳು ಸರವನ್ನು ಬಿಗಿದಿರುವುದರಿಂದ ಅದು ಬಿಸಿಗೂ ಸುಲಭವಾಗಿ ಸಡಿಲುವುದಿಲ್ಲ. ಒಣ ಕಾಳಿನಲ್ಲಿ ಈ ಪ್ರೋಟೀನು ಎರಡೆರಡಾಗಿ ಜೋಡಿಗೂಡಿರುವುದು, ಕಾಳು ಮೊಳೆತಾಗ ಬಿಡಿಬಿಡಿಯಾಗುವುದು. ಏಕೆ? 76 ಅಮೈನೋ ಆಮ್ಲಗಳ ಸರದ ಕಟ್ಟಕಡೆಯ ಒಂದು ಮಣಿಯೇ ಜೋಡಿಯನ್ನು ಹಿಡಿದಿಡುವ ಕೊಂಡಿಯೆಂದೂ, ಮೊಳಕೆಯಲ್ಲಿ ಸರದ ತುದಿ ತುಂಡಾಗುವುದರಿಂದ ಜೋಡಿ ಬಿಡುವುದೆಂದೂ ಲಲಿತಾ ಗೌಡರ ತಂಡವು 2004 ರಲ್ಲಿ ತೋರಿಸಿಕೊಟ್ಟಿತು. ಮೊಳಕೆ ಹುರುಳಿಯ ಸಾರು ಮಾಡುವ ಮನೆಯಲ್ಲಿ ಹುಟ್ಟಿದ ಮಕ್ಕಳು ಇದನ್ನು ಹೆಮ್ಮೆಯಿಂದ ಓದಬಹುದು.

ಹಾಗಾದರೆ ಮೊಬೈಲಿನ ಸುದ್ದಿ ನಿಜವೇ? ಈ ಪ್ರಶ್ನೆಗೆ ಉತ್ತರ ಸೋಯಾದ ಚರಿತ್ರೆಯಲ್ಲಿದೆ. ಅಮೆರಿಕದ ಆನ್ ಕೆನೆಡಿ ಎಂಬ ವಿಜ್ಞಾನಿ ಬೌಮನ್-ಬಿರ್ಕ್ ಪ್ರತಿಬಂಧಕವು ಪ್ರಯೋಗಶಾಲೆಯ ಕೋಶಗಳಲ್ಲಿಯೂ ಪ್ರಾಣಿಗಳಲ್ಲಿಯೂ ಕ್ಯಾನ್ಸರ್ ಹುಟ್ಟುವುದನ್ನು ತಡೆಯುವುದೆಂದು ಅನೇಕ ವರ್ಷಗಳ ಕೆಲಸದಿಂದ ತೋರಿಸಿದರು. ಆ ಸಾರವನ್ನು ಬಾಯಿಯ ಬಿಳಿ ಮಚ್ಚೆಯುಳ್ಳ ರೋಗಿಗಳಿಗೆ ಕೊಟ್ಟು ನೋಡಿದರು. ಆ ಹುಡುಗನ ಅಜ್ಜಿಯ ಬಾಯಲ್ಲಿ ಎದ್ದುದೂ ಮೊದಲು ಇಂತಹ ಮಚ್ಚೆಯೇ. ಮೊದಲ ಚಿಕ್ಕ ಪರೀಕ್ಷೆಯಲ್ಲಿ ಮಚ್ಚೆಗಳು ಕುಗ್ಗಿದಂತೆ ಕಂಡು ಆಸೆ ಹುಟ್ಟಿತು. ಅನಂತರ ಅರ್ಧದಷ್ಟು ರೋಗಿಗಳಿಗೆ ಸಾರವನ್ನೂ, ಉಳಿದವರಿಗೆ ನೋಡಲು ಅದೇ ರೀತಿಯ ಬರಿಯ ಪದಾರ್ಥವನ್ನೂ ಕೊಟ್ಟು ದೊಡ್ಡ ಪರೀಕ್ಷೆ ನಡೆಸಿದರು. 2013 ರಲ್ಲಿ ಅದರ ಫಲ ಪ್ರಕಟವಾಯಿತು. ಎರಡು ಗುಂಪುಗಳಲ್ಲಿಯೂ ಮಚ್ಚೆಗಳು ಸ್ವಲ್ಪ ಕುಗ್ಗಿದ್ದವು. ಸಾರದಿಂದ ಹೆಚ್ಚಿನ ಪ್ರಯೋಜನ ಆಯಿತೆನ್ನಲು ಆಧಾರ ಸಿಗಲಿಲ್ಲ.

ಎಂದರೆ, ಹುರುಳಿಯಲ್ಲಿ ಪ್ರತಿಬಂಧಕವಿದೆ ಎಂಬುದು ನಿಜ. ವಿಜ್ಞಾನಿಗಳು ಅದನ್ನು ಕಂಡಿದ್ದಾರೆಂಬುದೂ ನಿಜ. ಅದನ್ನು ಕುಡಿದರೆ ಕ್ಯಾನ್ಸರ್ ಗುಣವಾಗುವುದೆಂಬುದು ಮಾತ್ರ ಸುಳ್ಳು. ಎರಡು ನಿಜಗಳ ಬೆನ್ನ ಮೇಲೆ ಕೂತು ಬಂದ ಸುಳ್ಳಾದುದರಿಂದಲೇ ಅದು ಇಷ್ಟು ಜನರನ್ನು ನಂಬಿಸುವುದು. ಗಾಜಿನ ಕೊಳವೆಯಿಂದ ಇಲಿಗೂ, ಇಲಿಯಿಂದ ಮನುಷ್ಯನಿಗೂ ನಡುವೆ ಇರುವ ದಾರಿ ಎಷ್ಟು ಉದ್ದವೆಂಬುದನ್ನು ಮಾರಿಮಾಸ್ಟಾಟಿನ ಕಥೆ ನಮಗೆ ಹೇಳಿದೆ. ನಮ್ಮ ಹುರುಳಿ ಆ ದಾರಿಯ ಮೊದಲ ಮೈಲಿಗಲ್ಲಿನ ಬಳಿಯಲ್ಲಿದೆ. ಅದು ಒಳ್ಳೆಯ ಆಹಾರ, ಬೇಯಿಸಿ ಉಣ್ಣಬೇಕಾದ ಆಹಾರ. ಅದು ಔಷಧವಲ್ಲ.

ನಾನು ಇಷ್ಟನ್ನು ತಿಳಿದುಕೊಂಡು ಆ ಹುಡುಗನ ಮನೆಗೆ ಹೋದಾಗ ಆಕೆ ಹಸಿ ಹುರುಳಿಯನ್ನು ಕುಡಿಯಲು ಆರಂಭಿಸಿ ಮೂರು ತಿಂಗಳಾಗಿತ್ತು. “ಕಾಳು ತಾನೇ ಮೇಷ್ಟ್ರೇ, ಕೆಟ್ಟದ್ದೇನು ಮಾಡುತ್ತದೆ?” ಎಂದು ಆಕೆ ಕೇಳಿದರು. ಕಾಳು ಕೆಡುಕು ಮಾಡಲಿಲ್ಲ, ಕಳೆದ ಮೂರು ತಿಂಗಳು ಮಾಡಿತು ಎಂದು ಹೇಳಲು ನನಗೆ ನಾಲಗೆ ಏಳಲಿಲ್ಲ. “ಅಮ್ಮಾ, ಹುರುಳಿ ಸಾರು ಉಣ್ಣಿ, ಆದರೆ ನಾಳೆಯೇ ಬೆಂಗಳೂರಿಗೆ ಹೋಗಿ ತೋರಿಸಿ” ಎಂದೆನು. ಮಗನು ಕರೆದುಕೊಂಡು ಹೋದನು. ಶಸ್ತ್ರಚಿಕಿತ್ಸೆಯಾಗಿ, ವಿಕಿರಣ ಚಿಕಿತ್ಸೆಯೂ ನಡೆದು, ಆಕೆ ಈಗ ಮನೆಯಲ್ಲಿರುವರು. ಮಾತು ಸ್ವಲ್ಪ ತೊದಲುವುದು. ಹೊಗೆಸೊಪ್ಪನ್ನು ಬಿಟ್ಟಿರುವರು. ಮೊದಲೇ ಬಂದಿದ್ದರೆ ಇಷ್ಟು ಕೊಯ್ಯಬೇಕಾಗಿರಲಿಲ್ಲವೆಂದು ವೈದ್ಯರು ಮಗನಿಗೆ ಹೇಳಿದರಂತೆ.

ನಮ್ಮ ಗಡಿಯ ಊರುಗಳಿಗೆ ಚಿಕಿತ್ಸೆ ಬಹು ದೂರದಲ್ಲಿಲ್ಲ. ಬೆಂಗಳೂರಿನಲ್ಲಿ 1973 ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ. ಮದರಾಸಿನ ಅಡಯಾರಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954 ರಲ್ಲಿ ಆರಂಭವಾದ ಕ್ಯಾನ್ಸರ್ ಸಂಸ್ಥೆಯಿದೆ. ಬಾಯಿಯ ಮಚ್ಚೆಯಾಗಲಿ ಹುಣ್ಣಾಗಲಿ ಎರಡು ಮೂರು ವಾರಗಳಲ್ಲಿ ಮಾಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಈ ಒಂದು ಮಾತನ್ನು ಪ್ರತಿಯೊಬ್ಬ ಉಪಾಧ್ಯಾಯನೂ ವರ್ಷಕ್ಕೊಮ್ಮೆಯಾದರೂ ತರಗತಿಯಲ್ಲಿ ಹೇಳಿದರೆ ಅದು ಮನೆಮನೆಗೆ ಮುಟ್ಟುವುದು.

ಕಡೆಯದಾಗಿ ನಮ್ಮ ಉಪಾಧ್ಯಾಯ ಮಿತ್ರರಲ್ಲಿ ಒಂದು ಬಿನ್ನಹ. ಹುಡುಗ ಕೇಳಿದ ದಿನ ನನ್ನಲ್ಲಿ ಉತ್ತರವಿರಲಿಲ್ಲ, ಆ ಸುಳ್ಳು ಸುದ್ದಿಯಾದರೋ ತಿಳಿಗನ್ನಡದಲ್ಲಿಯೇ ಇತ್ತು. ಸುಳ್ಳು ನಮ್ಮ ಮಕ್ಕಳಿಗೆ ತಾಯ್ನುಡಿಯಲ್ಲಿ ಸುಲಭವಾಗಿ ದೊರೆಯುತ್ತಿರುವಾಗ ದಿಟವು ಪರಭಾಷೆಯ ಗ್ರಂಥಗಳಲ್ಲಿ ಮಾತ್ರ ಇದ್ದರೆ ಸಾಲದು. ಪ್ರೋಟಿಯೇಸಿನ ವಿಚಾರವನ್ನು ಪರಂಗಿಕಾಯಿಯಿಂದಲೂ, ಗೊದಮೊಟ್ಟೆಯ ಬಾಲದಿಂದಲೂ, ಹುರುಳಿಯ ಮೊಳಕೆಯಿಂದಲೂ ಐದನೆಯ ತರಗತಿಗೇ ಹೇಳಬಹುದೆಂದು ನಾನು ಹೇಳಿ ನೋಡಿ ಕಂಡುಕೊಂಡಿರುವೆನು. ಪಾಠ ಮುಗಿದ ಮೇಲೆ ಅದೇ ಹುಡುಗ ಎದ್ದು, “ಮೇಷ್ಟ್ರೇ, ಇಲಿಗೆ ಒಳ್ಳೆಯದಾದದ್ದು ಮನುಷ್ಯರಿಗೆ ಏಕೆ ಆಗಲಿಲ್ಲ ಅಂತ ಅವರು ಮತ್ತೆ ನೋಡಿದರಲ್ಲ, ಹಾಗೆ ನೋಡುವುದನ್ನು ಎಲ್ಲಿ ಕಲಿಸುತ್ತಾರೆ?” ಎಂದು ಕೇಳಿದನು. ಈ ಸಲ ನನಗೆ ಉತ್ತರ ಗೊತ್ತಿತ್ತು. ಮೈಸೂರಿನ ಹೆಸರನ್ನೂ ಮಣಿಪಾಲದ ಹೆಸರನ್ನೂ ಕರಿಹಲಗೆಯ ಮೇಲೆ ಬರೆದೆನು.